ಪಂಚಮಿ ಹಬ್ಬದ ಒಂದು ಗಂಟೆಯ ವಿಡಿಯೋ ಕಳೆದ ಬಗ್ಗೆ

ನನ್ನ ಹೆಸರು ಉಚ್ಚಂಗೆಪ್ಪ ತಂದೆ ದಿವಂಗತ ಚೌಡಣ್ಣ, ವಯಸ್ಸು 63 ವರ್ಷ, ವಿದ್ಯೆ ಊರ ಶಾಲೆಯಲ್ಲಿ ಏಳನೇ ತರಗತಿ, ಉದ್ಯೋಗ ಮೈಕ್‌ಸೆಟ್ ಬಾಡಿಗೆ ಮತ್ತು ವಿಡಿಯೋ ಶೂಟಿಂಗ್, ವಾಸ ಕಾನಹೊಸಹಳ್ಳಿ, ಬಸ್ ನಿಲ್ದಾಣದಿಂದ ಪೂರ್ವಕ್ಕೆ 210 ಮೀಟರ್, ಕೂಡ್ಲಿಗಿ ತಾಲ್ಲೂಕು. ಇಂದು ದಿನಾಂಕ 21-11-2025 ಶುಕ್ರವಾರ ಬೆಳಿಗ್ಗೆ 11-20 ಗಂಟೆಗೆ ಕೊಟ್ಟೂರು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಹೊನ್ನೂರಮ್ಮ ಅವರ ಎದುರು ಕುಳಿತು ನಾನಾಗಿ ಬರೆಸುತ್ತಿರುವ ಸಂಗತಿ ಏನೆಂದರೆ:

ಮೊದಲು ನಾನು ಯಾರು ಎಂಬುದು ದಾಖಲಾಗಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಿಂದ ನನ್ನ ಕ್ಯಾಮೆರಾ ಬಂದು ನಿಲ್ಲದೆ ಒಂದೇ ಒಂದು ತಾಳಿ ಕಟ್ಟಿಲ್ಲ. ಮುಹೂರ್ತ ಮೀರುತ್ತಿದ್ದರೂ ಮದುವೆ ಮಾಡಿಸುವ ಅಯ್ಯನವರು ನನ್ನ ಮುಖ ನೋಡುತ್ತಿದ್ದರು. ನಾನು ಕೈ ಎತ್ತಿದ ಮೇಲೆಯೇ ವಾದ್ಯ ಬಾರಿಸುತ್ತಿದ್ದರು. ಇದನ್ನು ಬರೆಯುತ್ತಿರುವಾಗ ಹೊನ್ನೂರಮ್ಮ ಅವರು ಪೆನ್ನು ನಿಲ್ಲಿಸಿ, ತಮ್ಮ ಮದುವೆ 2011ರಲ್ಲಿ ಹಡಗಲಿಯಲ್ಲೇ ಆಯಿತು, ಆವತ್ತು ನಾನು ಎಲ್ಲಿದ್ದೆ ಎಂದು ಕೇಳಿದರು. ಆವತ್ತು ಎರಡು ಮದುವೆ ಇದ್ದವು, ಇನ್ನೊಂದಕ್ಕೆ ಹೋಗಿದ್ದೆ ಎಂದು ತಿಳಿಸಿದೆ. ‘ಹಂಗಾರ ನನ್ನ ಕೊಳ್ಳಾಗ ಇರೋದು ತಾಳಿ ಅಲ್ಲೇನ್ರಿ? ನಮ್ ಮನಿಯವ್ರಿಗೆ ಹೇಳ್ಲಾ?’ ಎಂದರು. ಮುಂದೆ ಬರೆದುಕೊಳ್ಳಲು ಕೋರಿದೆ.

ನಿನ್ನೆ ಇದೇ ಠಾಣೆಗೆ ನಾನು ಕೊಟ್ಟ ಅರ್ಜಿಯಲ್ಲಿ, ಕೊಟ್ಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗವಿಸಿದ್ದೇಶ್ ಎಂಬುವನು ನನ್ನ ತಂಗಿಯ ವಿಡಿಯೋ ಕದ್ದಿದ್ದಾನೆ ಎಂದು ಬರೆದಿದ್ದೆ. ಅವನು ಕದ್ದಿಲ್ಲ. ವಿಡಿಯೋ ಹೋಗಿರುವುದು ಮಾತ್ರ ನಿಜ. ಅದು ಹೇಗೆ ಹೋಯಿತು ಎಂಬುದನ್ನು ನಡೆದ ಕ್ರಮದಲ್ಲೇ ಹೇಳುತ್ತಿದ್ದೇನೆ.

ನನಗೆ ಮದುವೆಯಾಗಿಲ್ಲ. ನನಗಿಂತ ಹದಿಮೂರು ವರ್ಷ ಚಿಕ್ಕವಳಾದ ತಂಗಿ ಬೊಮ್ಮಮ್ಮನನ್ನು ತಂದೆ ತಾಯಿ ಹೋದ ಮೇಲೆ ನಾನೇ ಬೆಳೆಸಿ, 1997ರಲ್ಲಿ ಹರಪನಹಳ್ಳಿ ಕಡೆಗೆ ಕೊಟ್ಟೆ. 2003ನೇ ಇಸವಿಯ ನಾಗರ ಪಂಚಮಿಗೆ ಅವಳು ನಾಲ್ಕು ವರ್ಷದ ಮಗಳು ಶಾಂತಕುಮಾರಿಯನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಆ ವರ್ಷವೇ ಹೊಸಪೇಟೆಯಲ್ಲಿ ಒಂದು ಹಳೆಯ ವಿಡಿಯೋ ಕ್ಯಾಮೆರಾ ಕೊಂಡಿದ್ದೆ. ಹಬ್ಬದ ದಿನ ಒಂದು ಟೇಪು, ಅಂದರೆ ಸರಿಯಾಗಿ ಅರವತ್ತು ನಿಮಿಷ, ಮನೆಯಲ್ಲಿ ನಡೆದದ್ದನ್ನೆಲ್ಲ ತೆಗೆದೆ. 2004ರ ಫೆಬ್ರವರಿಯಲ್ಲಿ ಬೊಮ್ಮಮ್ಮ ಜ್ವರ ತಲೆಗೇರಿ ಆರು ದಿನದಲ್ಲಿ ತೀರಿಕೊಂಡಳು. ಅವಳ ಗಂಡ ಬೇರೆ ಮದುವೆ ಮಾಡಿಕೊಂಡ. ಮಗು ಅವರ ಮನೆಯಲ್ಲೇ ಬೆಳೆಯಿತು. ಅವರಿಗೂ ನನಗೂ ಮಾತು ನಿಂತಿತು. ಬೊಮ್ಮಮ್ಮ ನಡೆಯುವುದು, ಮಾತಾಡುವುದು ಇರುವ ಚಿತ್ರ ಆ ಒಂದು ಟೇಪು ಬಿಟ್ಟರೆ ಬೇರೆ ಎಲ್ಲೂ ಇಲ್ಲ.

2009ರಲ್ಲಿ ನಾನು ಕಂಪ್ಯೂಟರ್ ಕೊಂಡೆ. ಆಗ ಕೂಡ್ಲಿಗಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಇದೇ ಗವಿಸಿದ್ದೇಶ್ ನಮ್ಮ ಮನೆಗೆ ಬಂದು, ಕ್ಯಾಮೆರಾಕ್ಕೆ ವೈರು ಜೋಡಿಸಿ ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿದ. ಅದು 13 ಜಿಬಿ ಆಯಿತು. ಫೈಲು ಎಲ್ಲಿದೆ ಎಂದು ನಾನು ಹುಡುಕಾಡದಿರಲಿ ಎಂದು ಪರದೆಯ ಮೇಲೆ ಎಡಗಡೆ ‘ಬೊಮ್ಮಮ್ಮ’ ಎಂಬ ಹೆಸರಿನ ಒಂದು ಗುರುತು ಇಟ್ಟುಕೊಟ್ಟ. ಅದರ ಮೇಲೆ ಎರಡು ಸಲ ಒತ್ತಿದರೆ ವಿಡಿಯೋ ಶುರುವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂಬ ಧೈರ್ಯದಲ್ಲಿ ಮುಂದಿನ ವಾರವೇ ಆ ಟೇಪಿನ ಮೇಲೆ ನಮ್ಮೂರಿನ ಒಂದು ಮದುವೆ ತೆಗೆದೆ. ಆ ಮದುವೆಯವರು ಕ್ಯಾಸೆಟ್ಟಿಗೆ ಬರಲೇ ಇಲ್ಲ. ಅದು ಈಗಲೂ ನನ್ನ ಹತ್ತಿರ ಇದೆ.

2022ರಲ್ಲಿ ಶಾಂತಕುಮಾರಿಗೆ ಹಡಗಲಿ ತಾಲ್ಲೂಕು ಇಟ್ಟಿಗಿಯ ಭರತ್ ಎಂಬ ಹುಡುಗನೊಂದಿಗೆ ಮದುವೆಯಾಯಿತು. ಅವಳು ತಾನಾಗಿ ನನ್ನ ನಂಬರು ಹುಡುಕಿ ಫೋನ್ ಮಾಡಿ ಮದುವೆಗೆ ಕರೆದಳು. ಹೋಗಿದ್ದೆ. ಅಲ್ಲಿ ನನ್ನ ಪಕ್ಕ ಕುಳಿತು, ತಾಯಿಯ ಮುಖ ಫೋಟೋದಲ್ಲಿ ನೋಡಿದ್ದೇನೆ, ದನಿ ಮಾತ್ರ ಎಷ್ಟು ನೆನೆಸಿಕೊಂಡರೂ ಬರುವುದಿಲ್ಲ ಎಂದು ಹೇಳಿದಳು. ‘ನಿಮ್ಮವ್ವ ನಮ್ಮನ್ಯಾಗ ಅದಾಳವ್ವ, ಕಂಪ್ಯೂಟರ್‌ದಾಗ. ಪಂಚಮಿಗೆ ಬಾ, ತೋರಿಸ್ತೀನಿ’ ಎಂದೆ. 2023ರ ಪಂಚಮಿಗೆ ಬಂದಳು. ಅಂದು ಮನೆಯಲ್ಲಿ ಕರೆಂಟ್ ಇರಲಿಲ್ಲ. 2024ರ ಪಂಚಮಿಗೆ ಮತ್ತೆ ಬಂದಳು. ಅಂದೂ ಇರಲಿಲ್ಲ. ಎರಡೂ ಸಲ ಬೇಕರಿಯಿಂದ ತಂದ ಶೇಂಗಾ ಉಂಡಿಯನ್ನು ನಾನೇ ಕಟ್ಟಿದ್ದು ಎಂದು ಹೇಳಿ ಕೊಟ್ಟೆ.

ಎರಡು ವರ್ಷವೂ ಅದೇ ದಿನ ಕರೆಂಟ್ ಹೋದದ್ದು ಹೇಗೆ ಎಂದು ಹೊನ್ನೂರಮ್ಮ ಅವರು ಕೇಳಿದರು. ಫ್ಯೂಜು ನಾನೇ ಕಿತ್ತು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ, ಆದರೆ ಇದನ್ನು ಬರೆಯಬೇಡಿ ಎಂದೆ. ಅದಕ್ಕೆ ಅವರು, ‘ಇಲ್ಲಿ ಕುಂತು ಬಾಯಿ ಬಿಟ್ಟಿದ್ದು ಬರಿಲಿಕ್ಕ ನನಗ ಸರ್ಕಾರ ಸಂಬಳ ಕೊಡ್ತೈತಿ. ಯಾಕ್ ಕಿತ್ತಿರಿ, ಅದನ್ನೂ ಹೇಳಿಬಿಡ್ರಿ’ ಎಂದರು. ನೋಡಿಬಿಟ್ಟರೆ ಅವಳಿಗೆ ಮತ್ತೆ ನಮ್ಮ ಮನೆಗೆ ಬರುವ ಕಾರಣ ಉಳಿಯುವುದಿಲ್ಲ ಎಂಬ ಕಾರಣಕ್ಕೆ ಕಿತ್ತೆ.

ಈ ವರ್ಷ ಶಾಂತಕುಮಾರಿ ಗರ್ಭಿಣಿ ಇರುವುದರಿಂದ ಪಂಚಮಿಗೆ ಬರಲಿಲ್ಲ. ದಿನಾಂಕ 05-11-2025 ರಂದು ಸಂಜೆ 6-15ಕ್ಕೆ ಫೋನ್ ಮಾಡಿ, 16ನೇ ತಾರೀಖು ಭಾನುವಾರ ಇಟ್ಟಿಗಿಯಲ್ಲಿ ಕುಬುಸ, ಅಂದರೆ ಸೀಮಂತ ಇದೆ, ಅವ್ವನ ತವರಿನ ಕಡೆಯಿಂದ ನೀನೊಬ್ಬನೇ ಬರುವವನು, ಸೀರೆ ತರದಿದ್ದರೂ ಪರವಾಗಿಲ್ಲ, ಅವ್ವನ ವಿಡಿಯೋ ತೆಗೆದುಕೊಂಡು ಬಾ ಎಂದು ಹೇಳಿದಳು. ‘ಬರೇ ವಿಡಿಯೋ ಅಲ್ಲ, ನಿಮ್ಮವ್ವನ್ನ ಕರಕಂಡೇ ಬರ್ತೀನಿ, ಊರ ಮಂದಿನೆಲ್ಲ ಕರೆದಿಡು’ ಎಂದು ಹೇಳಿದೆ.

ದಿನಾಂಕ 08-11-2025 ಶನಿವಾರ ಬೆಳಿಗ್ಗೆ 8-40ರ ಬಸ್ಸಿಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೊಟ್ಟೂರಿಗೆ ಹೋದೆ. ಕಂಡಕ್ಟರು ಲಗೇಜಿನ ಟಿಕೆಟ್ ಕೇಳಿದ. ಇದರೊಳಗೆ ನನ್ನ ತಂಗಿ ಇದ್ದಾಳೆ ಎಂದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿ ಎಂದ. ಬಸ್ಸಿನವರೆಲ್ಲ ನಕ್ಕರು.

ಗವಿಸಿದ್ದೇಶನ ಅಂಗಡಿಗೆ 10-05ಕ್ಕೆ ಮುಟ್ಟಿದೆ. ಅವನು ಮೊದಲು ನನ್ನ 32 ಜಿಬಿ ಪೆನ್‌ಡ್ರೈವಿಗೆ ಹಾಕಲು ನೋಡಿದ. ಅದು ಪೂರ್ತಿ ಖಾಲಿ ಇದ್ದರೂ, ಫೈಲು ದೊಡ್ಡದು ಎಂದು ಹಿಂದಕ್ಕೆ ತಳ್ಳಿತು. ನಾಲ್ಕು ಜಿಬಿಗಿಂತ ದೊಡ್ಡ ಫೈಲನ್ನು ಈ ಜಾತಿಯ ಪೆನ್‌ಡ್ರೈವ್ ಒಂದೇ ಗುಕ್ಕಿಗೆ ನುಂಗುವುದಿಲ್ಲ ಎಂದು ತಿಳಿಸಿದ. ‘ಡಿವಿಡಿ ಡಿಸ್ಕಿಗೆ ಬರ್ನ್ ಮಾಡ್ಬೇಕಂದ್ರ ಒಂದ್ ಡಿಸ್ಕು ನಾಕೂವರಿ ಜಿಬಿ ಹಿಡಿತೈತಿ ಕಾಕಾ. ಇಲ್ಲಾ ಮೂರು ತುಂಡು ಮಾಡ್ಬೇಕು, ಇಲ್ಲಾ ಸಣ್ಣದು ಮಾಡ್ಬೇಕು. ನಾಕ್ ತಾಸಿನ ಕೆಲ್ಸ’ ಎಂದ. ಆಮೇಲೆ ವಿಡಿಯೋವನ್ನು ಓಡಿಸಿ ನೋಡುತ್ತ ಕೊನೆಗೆ ಬಂದು, ‘ಅಯ್ಯ, ಇಲ್ಲಿ ಹತ್ತೊಂಬತ್ ನಿಮಿಷ ಬರೇ ಗ್ವಾಡಿ ಐತಲ್ಲ! ಇದನ್ನ ಕಟ್ ಮಾಡಿ ಒಗೀತೀನಿ, ಮೂರ್ರಾಗ ಒಂದ್ ಪಾಲು ಭಾರ ಇಳಿತೈತಿ’ ಎಂದ. ಕಟ್ ಮಾಡಬಾರದು ಎಂದೆ. ಗೋಡೆ ಯಾರು ನೋಡುತ್ತಾರೆ ಎಂದು ಕೇಳಿದ. ನಾನು ಪೆಟ್ಟಿಗೆಯ ವೈರು ಕೀಳಲು ಹೋದೆ. ಆಗ ಅವನು, ಕಟ್ ಮಾಡುವುದಿಲ್ಲ, ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗಿ, ಮೊದಲು ನನ್ನ ಕಂಪ್ಯೂಟರಿಗೆ ಒಂದು ಕಾಪಿ ಹಾಕಿಕೊಂಡು ಸಂಜೆಯೊಳಗೆ ಡಿಸ್ಕು ಮಾಡಿ ಕೊಡುತ್ತೇನೆ ಎಂದು ಎರಡು ಸಲ ಹೇಳಿದ್ದು ನಿಜ. ನನ್ನ ತಂಗಿ ಬೇರೆಯವರ ಕಂಪ್ಯೂಟರಿನಲ್ಲಿ ಯಾಕೆ ಇರಬೇಕು ಎಂದು ನಾನು ಒಪ್ಪಲಿಲ್ಲ. ನಿನಗೆ ಮೌಸು ಹಿಡಿಯಲು ಕಲಿಸಿದವನು ನಾನು ಎಂದೂ ಹೇಳಿದೆ. ಅದು ಹಾಗಲ್ಲ. ಅವನೇ ನನಗೆ ಕಲಿಸಿದ್ದು. ಮೂರು ತುಂಡು ಎಂದಿದ್ದರಿಂದ ಅವನ ಅಂಗಡಿಯಲ್ಲೇ ಮೂರು ಖಾಲಿ ಡಿಸ್ಕು ಕೊಂಡು 11-30ಕ್ಕೆ ಹೊರಟೆ.

ದಿನಾಂಕ 10-11-2025 ಸೋಮವಾರ ಮಧ್ಯಾಹ್ನ 3-00 ಗಂಟೆಗೆ ಮನೆಯಲ್ಲಿ ನಾನೇ ಕುಳಿತು, ಪರದೆಯ ಮೇಲಿದ್ದ ‘ಬೊಮ್ಮಮ್ಮ’ ಗುರುತನ್ನು ಹಿಡಿದು ಡಿಸ್ಕಿಗೆ ಕಳಿಸಿದೆ. ಆ ಗುರುತಿನ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಣ ಇದೆ. 2009ರಿಂದ ನೋಡುತ್ತಿದ್ದೇನೆ. ಒತ್ತಿದರೆ ಓಡುತ್ತದೆ ಎಂದು ತಿಳಿಸುವ ಬಾಣ ಎಂದೇ ಅಂದುಕೊಂಡಿದ್ದೆ. ನಲವತ್ತು ಸೆಕೆಂಡಿನಲ್ಲಿ ಕೆಲಸ ಮುಗಿದು ಡಿಸ್ಕು ಹೊರಗೆ ಬಂತು. ಒಂದರಲ್ಲೇ ಎಲ್ಲ ಹಿಡಿಯಿತು. ಒಳಗೆ ಹಾಕಿ ಒತ್ತಿದೆ. ವಿಡಿಯೋ ಬಂತು. ಗೋಡೆಯೂ ಬಂತು. ಉಳಿದ ಎರಡು ಡಿಸ್ಕಿಗೂ ಹಾಗೆಯೇ ಮಾಡಿದೆ. ಶಾಂತಕುಮಾರಿಗೆ ಒಂದು, ನನಗೆ ಒಂದು, ಕಷ್ಟಕಾಲಕ್ಕೆ ಒಂದು.

3-25ಕ್ಕೆ ಗವಿಸಿದ್ದೇಶನಿಗೆ ಫೋನ್ ಮಾಡಿದೆ. ‘ಲೇ ಗವಿ, ನಿನಗ ನಾಕ್ ತಾಸ್ ಬೇಕಂದ್ಯಲ್ಲ, ನಾನು ನಲವತ್ತ್ ಸೆಕೆಂಡಿನಾಗ ಮುಗಿಸೀನಿ. ನಾಳಿಂದ ನನ್ನ ಹತ್ರ ಕೆಲ್ಸಕ್ಕ ಬಾ’ ಎಂದೆ. ‘ನಲವತ್ತ್ ಸೆಕೆಂಡಿನಾಗ ಚಾ ಸೈತ ಕಾಯಂಗಿಲ್ಲ ಕಾಕಾ. ಅದನ್ನ ಬ್ಯಾರೆ ಕಂಪ್ಯೂಟರ್‌ಗೆ ಹಾಕಿ ನೋಡ್ರಿ ಒಂದ್ಸಲ’ ಎಂದ. ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎಂದು ಫೋನ್ ಇಟ್ಟೆ.

ದಿನಾಂಕ 12-11-2025 ಬುಧವಾರ ಬೆಳಿಗ್ಗೆ 9-50ಕ್ಕೆ ಹಳೆಯ ಸಾಮಾನು ಕೊಳ್ಳುವ ನೀಲಿ ಬಣ್ಣದ ಗೂಡ್ಸ್ ಆಟೋ ನಮ್ಮ ಓಣಿಗೆ ಬಂತು. ಓಡಿಸುವವನು ತನ್ನ ಹೆಸರು ಮಂಜಣ್ಣ, ಹರಪನಹಳ್ಳಿ ಕಡೆಯವನು ಎಂದು ಹೇಳಿದ. ಸೆಪ್ಟೆಂಬರ್‌ನಿಂದ ನನ್ನ ಮೈಕ್‌ಸೆಟ್ಟನ್ನು ಯಾರೂ ಬಾಡಿಗೆಗೆ ಕೇಳಿರಲಿಲ್ಲ. ತವರಿನ ಹಸಿರು ಸೀರೆ ಇಲ್ಲದೆ ಕುಬುಸಕ್ಕೆ ಹೋಗುವುದು ಹೇಗೆ? ಬೊಮ್ಮಮ್ಮ ಮೂರು ಡಿಸ್ಕಿನಲ್ಲಿ ಇದ್ದಾಳೆ, ಇನ್ನು ಪೆಟ್ಟಿಗೆ ಯಾತಕ್ಕೆ ಎಂದು ವಿಚಾರ ಮಾಡಿದೆ. ಇದು ಐದು ತಾಲ್ಲೂಕಿನ ಮದುವೆಗಳನ್ನು ಹೊತ್ತ ಪೆಟ್ಟಿಗೆ ಎಂದು ಮಂಜಣ್ಣನಿಗೆ ಹೇಳಿದೆ. ‘ಅಷ್ಟು ದೊಡ್ಡದಾದ್ರ ಮನ್ಯಾಗಿಟ್ಟು ಪೂಜಿ ಮಾಡ್ರಿ ಯಜಮಾನ್ರ, ನಾನು ತೂಕಕ್ಕ ರೊಕ್ಕ ಕೊಡಾಂವ’ ಎಂದ. ಟಿವಿಯಂಥ ಪರದೆಯೂ ಸೇರಿ 650 ರೂಪಾಯಿಗೆ ಒಪ್ಪಿದೆ. ಅದೇ ದಿನ ಕೂಡ್ಲಿಗಿಗೆ ಹೋಗಿ, ಕೈಯಿಂದ ಇಷ್ಟು ಸೇರಿಸಿ, ಕೆಂಪು ಅಂಚಿನ ಹಸಿರು ಸೀರೆ ತಂದೆ. ಆವತ್ತಿನ ಊಟ ಮನೆಯ ಹೊರಗೆ ಕಟ್ಟೆಯ ಮೇಲೆ ಕುಳಿತು ಮಾಡಿದೆ.

ದಿನಾಂಕ 16-11-2025 ಭಾನುವಾರ ಬೆಳಿಗ್ಗೆ 10-40ಕ್ಕೆ ಇಟ್ಟಿಗಿಗೆ ಮುಟ್ಟಿದೆ. ಸೀರೆ, ಹಸಿರು ಬಳೆ, ಐದು ಬಗೆಯ ಸಿಹಿ, ಹೂವು, ಮೂರು ಡಿಸ್ಕು ತಂದಿದ್ದೆ. ಬಾಗಿಲಲ್ಲೇ, ‘ತವರ್ಮನಿ ಬಂತು, ದಾರಿ ಬಿಡ್ರಿ. ಬೊಮ್ಮಮ್ಮನೂ ಬಂದಾಳ’ ಎಂದು ಕೂಗಿದೆ. ಸುಮಾರು ನಲವತ್ತು ಹೆಂಗಸರು ಇದ್ದರು. ಶಾಂತಕುಮಾರಿ ನಾನು ತಂದ ಸೀರೆಯನ್ನೇ ಉಟ್ಟು ಕುರ್ಚಿಯ ಮೇಲೆ ಕುಳಿತಳು. ಅಳಿಯ ಭರತ್ ಗೆಳೆಯನ ಮನೆಯಿಂದ ಡಿಸ್ಕು ಹಾಕಲು ಬರುವಂಥ ಹಳೆಯ ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿಟ್ಟಿದ್ದ. ಆರತಿ ಆದ ಮೇಲೆ, 12-15ಕ್ಕೆ, ಎಲ್ಲರನ್ನೂ ಸುಮ್ಮನಿರಿಸಿ ಡಿಸ್ಕು ಹಾಕಿಸಿದೆ.

ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಹುಡುಕುತ್ತಿರುವುದು ಇಲ್ಲಿ ಇಲ್ಲ ಎಂದು ಭರತ್ ಓದಿ ಹೇಳಿದ. ಎರಡನೇ ಡಿಸ್ಕು ಹಾಕಿದೆವು. ಅದೇ ಸಾಲು. ಮೂರನೆಯದರಲ್ಲೂ ಅದೇ. ಹಿಂದಿನ ಸಾಲಿನಲ್ಲಿದ್ದ ಮಕ್ಕಳು ಎದ್ದು ಹೊರಗೆ ಹೋದವು. ಶಾಂತಕುಮಾರಿಯ ಅತ್ತೆ, ‘ಏನ್ರಿ ಬೀಗರ, ನಿಮ್ ತಂಗಿಗೆ ಬಸ್ ತಪ್ಪಿದಂಗ ಕಾಣ್ತೈತಿ. ಮಂದಿ ಹಸ್ದಾರ, ಎಲಿ ಹಾಕ್ಸ್ಲೇನು?’ ಎಂದು ಕೇಳಿದರು. ಕೆಲವರು ನಕ್ಕರು. ಶಾಂತಕುಮಾರಿ ಟಿವಿಯ ಕಡೆಗೇ ನೋಡುತ್ತಿದ್ದಳು. ಮಡಿಲಲ್ಲಿ ತುಂಬಿದ್ದ ಅಕ್ಕಿ, ಕೊಬ್ಬರಿ ಇದ್ದುದರಿಂದ ಏಳಲು ಬರುತ್ತಿರಲಿಲ್ಲ.

ಗವಿಸಿದ್ದೇಶ ಏನೋ ಲಾಕ್ ಮಾಡಿದ್ದಾನೆ ಎಂದು ನಾನು ಗಟ್ಟಿಯಾಗಿ ಹೇಳಿದೆ. ಭರತ್ ಅವನ ನಂಬರು ಇಸಿದುಕೊಂಡು ಸ್ಪೀಕರಿನಲ್ಲಿ ಹಚ್ಚಿದ. ಗವಿಸಿದ್ದೇಶ ಡಿಸ್ಕಿನಲ್ಲಿರುವ ಫೈಲಿನ ಭಾರ ಎಷ್ಟಿದೆ ಎಂದು ಕೇಳಿದ. ಎರಡು ಕೆಬಿ ಎಂದು ಭರತ್ ಹೇಳಿದ. ಆಗ ಅವನು, ‘ಅದು ವಿಡಿಯೋ ಅಲ್ರಿ, ಶಾರ್ಟ್‌ಕಟ್. ಮನಿ ದಾರಿ ತೋರ್ಸೋ ಬೋರ್ಡು ಇದ್ದಂಗ. ಕಾಕಾ ಬೋರ್ಡ್ ಕಿತ್ಕಂಡ್ ಬಂದಾರ, ಮನಿ ಅಲ್ಲೇ ಉಳದೈತಿ. ಅವರ ಕಂಪ್ಯೂಟರ್‌ದಾಗ ಓಡಿದ್ದು ಅದಕ್ಕ, ಮನಿ ಬಾಜೂಕೇ ಇತ್ತಲ್ಲ. ಗಾಬರಿ ಆಗ್ಬ್ಯಾಡ್ರಿ, ಪೆಟಿಗಿ ಇದ್ರ ಎಲ್ಲಾ ಐತಿ. ಪೆಟಿಗಿ ಮನ್ಯಾಗ ಐತಲ್ಲ ಕಾಕಾ?’ ಎಂದ.

ಎಲ್ಲರೂ ನನ್ನನ್ನು ನೋಡಿದರು. ಮನೆಯಲ್ಲಿದೆ ಎಂದೆ.

ಶಾಂತಕುಮಾರಿ, ‘ಹೋಗ್ಲಿ ಬಿಡು ಮಾವ, ಇಪ್ಪತ್ತೆರಡು ವರ್ಷ ಆಗೈತಿ, ಇನ್ನ ನಾಕ್ ದಿನಕ್ಕ ಏನಾಗ್ತೈತಿ. ಉಣ್ಣು ಬಾ’ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಉಣ್ಣದೆ 1-10ಕ್ಕೆ ಹೊರಟೆ. ಬಸ್ಸು ಇದ್ದದ್ದು 2-45ಕ್ಕೆ.

ದಿನಾಂಕ 17ರಂದು ಹಗರಿಬೊಮ್ಮನಹಳ್ಳಿಯಲ್ಲಿ ಹಳೇ ಸಾಮಾನಿನ ಮೂರು ಅಂಗಡಿ, 18ರಂದು ಹಡಗಲಿಯಲ್ಲಿ ಎರಡು ಅಂಗಡಿ ವಿಚಾರಿಸಿದೆ. ಮಂಜಣ್ಣ ಅಲ್ಲಿಯ ಯಾರಿಗೂ ಗೊತ್ತಿರಲಿಲ್ಲ. ದಿನಾಂಕ 19 ಬುಧವಾರ ಬೆಳಿಗ್ಗೆ 11-15ಕ್ಕೆ ಹರಪನಹಳ್ಳಿಯ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಅವನು ಸಿಕ್ಕ. ಶೆಡ್ಡಿನ ಬಾಗಿಲಿನಿಂದ ಸುಮಾರು ಎಂಟು ಅಡಿ ಒಳಗೆ ನನ್ನ ಪೆಟ್ಟಿಗೆ ಇತ್ತು. ನನ್ನ ಮೈಕ್‌ಸೆಟ್ಟಿನ ಚೀಟಿ ಅದರ ಮೇಲೆ ಹಾಗೆಯೇ ಇತ್ತು. ಒಳಗೆ ಏನೂ ಇರಲಿಲ್ಲ. ವಿಡಿಯೋ ಇರುವುದು ಹಾರ್ಡ್ ಡಿಸ್ಕ್ ಎಂಬ ಒಂದು ಗೇಣು ಉದ್ದವೂ ಇಲ್ಲದ ಕಬ್ಬಿಣದ ಡಬ್ಬಿಯಲ್ಲಿ. ಅದು ಎಲ್ಲಿ ಎಂದು ಕೇಳಿದೆ. ಅಂಥವನ್ನೆಲ್ಲ ಕಿತ್ತು ಒಂದು ಗೋಣಿಚೀಲಕ್ಕೆ ಹಾಕುತ್ತೇನೆ, ಚೀಲ ನಲವತ್ತು ಕೆಜಿ ಆದಾಗ ಒಬ್ಬ ಸಾಹುಕಾರ ಬಿಳಿ ಗಾಡಿಯಲ್ಲಿ ಬಂದು ತೂಕ ಮಾಡಿ ಒಯ್ಯುತ್ತಾನೆ, ನಿನ್ನೆ ಸಂಜೆ 5 ಗಂಟೆಗೆ ಒಯ್ದ, ಹೆಸರು ಊರು ಗೊತ್ತಿಲ್ಲ ಎಂದು ಮಂಜಣ್ಣ ಹೇಳಿದ. ಅದೇ ಹೊತ್ತಿಗೆ ನಾನು ಹಡಗಲಿ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದೆ. ಮಂಜಣ್ಣ ಒಳ್ಳೆಯವನು. ಕುಳಿತುಕೊಳ್ಳಲು ನನ್ನ ಪೆಟ್ಟಿಗೆಯನ್ನೇ ಎಳೆದು ಕೊಟ್ಟ. ‘ಅದ್ರಾಗ ಏನಿತ್ತ್ರಿ, ಹೊಲದ ಕಾಗದಾನಾ?’ ಎಂದು ಕೇಳಿದ. ಏನೂ ಇಲ್ಲ ಎಂದೆ.

ನಾನೇ ಮಾರಿದ ಸಾಮಾನನ್ನು ಪೊಲೀಸರು ಯಾಕೆ ಹುಡುಕುತ್ತಾರೆ? ಕಳವಾದರೆ ಮಾತ್ರ ಹುಡುಕುತ್ತಾರೆ ಎಂದು ಬಸ್ಸಿನಲ್ಲಿ ವಿಚಾರ ಮಾಡಿಕೊಂಡು, ದಿನಾಂಕ 20ರಂದು ಗವಿಸಿದ್ದೇಶನ ಹೆಸರು ಬರೆದು ಅರ್ಜಿ ಕೊಟ್ಟೆ. ಅವನ ಮೇಲೆ ನನಗೆ ಬೇರೆ ಸಿಟ್ಟಿಲ್ಲ. ನನಗೆ ಗೊತ್ತಿದ್ದ ಕಂಪ್ಯೂಟರಿನವನು ಅವನೊಬ್ಬನೇ.

ಇಂದು ಬೆಳಿಗ್ಗೆ 11-00ಕ್ಕೆ ಅವನನ್ನು ಠಾಣೆಗೆ ಕರೆಸಿದ್ದರು. ಅಂಗಡಿಯ ಶಟರ್ ಎಳೆದು ಬಂದಿದ್ದ. ಬೈಯುತ್ತಾನೆ ಎಂದು ನಾನು ಕಾದೆ. ‘ನಿಮ್ಮ ವಿಡಿಯೋ ನಾನ್ಯಾಕ್ ಕದೀಲಿ ಕಾಕಾ? ನಿಮ್ಮ ಮದಿವಿದಾದ್ರ ಕದೀತಿದ್ದೆ, ಎಲ್ಲೂ ಸಿಗಂಗಿಲ್ಲ’ ಎಂದ. ಹೊನ್ನೂರಮ್ಮ ಅವರು ಮುಖ ತಿರುಗಿಸಿ ನಕ್ಕರು. ಆಮೇಲೆ ಅವನು, ಹಾರ್ಡ್ ಡಿಸ್ಕನ್ನು ಒಡೆಯದಿದ್ದರೆ ಫೈಲು ಇನ್ನೂ ಅದರಲ್ಲಿರುತ್ತದೆ, ಎಲ್ಲಿ ಸಿಕ್ಕರೂ ತೆಗೆದುಕೊಡುತ್ತೇನೆ, ಗೋಡೆಯನ್ನೂ ಬಿಡುವುದಿಲ್ಲ ಎಂದ. ಇದನ್ನು ಕೇಳಿದ ಮೇಲೆ ನಾನು ನಿಜ ಹೇಳುತ್ತೇನೆ, ಬರೆದುಕೊಳ್ಳಿ ಎಂದೆ.

ಇಲ್ಲಿಯವರೆಗೆ ಬರೆದಾದ ಮೇಲೆ ಹೊನ್ನೂರಮ್ಮ ಅವರು, ಪೆಟ್ಟಿಗೆ ಹೋದ ವಿಷಯ ಆ ಹುಡುಗಿಗೆ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ, ಪೆಟ್ಟಿಗೆ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೇನೆ, ದಿನಾ ಸಂಜೆ ಫೋನ್ ಮಾಡಿ ರಿಪೇರಿ ಆಯಿತೇ ಎಂದು ಕೇಳುತ್ತಾಳೆ, ನಾಳೆ ಎನ್ನುತ್ತಿದ್ದೇನೆ ಎಂದೆ. ‘ಈಗ ಹಚ್ರಿ, ನನ್ ಮುಂದ. ಆ ಚೀಲ ಸಿಗ್ತೈತೋ ಇಲ್ಲೋ ನನಗೂ ಗೊತ್ತಿಲ್ಲ. ಬಸಿರಿ ಹೆಣ್ಮಗಳನ್ನ ಹಿಂಗ ಕಾಯಿಸ್ಬಾರ್ದು’ ಎಂದರು.

ಮಧ್ಯಾಹ್ನ 1-05ಕ್ಕೆ ಠಾಣೆಯ ಬೆಂಚಿನ ಮೇಲೆ ಕುಳಿತು ಶಾಂತಕುಮಾರಿಗೆ ಫೋನ್ ಮಾಡಿದೆ. ಪೆಟ್ಟಿಗೆ ಮಾರಿದ್ದನ್ನು, ಡಬ್ಬಿ ಹೋದದ್ದನ್ನು, ಎರಡು ವರ್ಷ ಫ್ಯೂಜು ಕಿತ್ತದ್ದನ್ನು ಹೇಳಿದೆ. ಅವಳು, ‘ಸೀರಿಗೇನು ಮಾವ, ಮಾರಿದ್ದು?’ ಎಂದು ಕೇಳಿದಳು. ಹೌದು ಎಂದೆ. ಆಮೇಲೆ, ‘ಅದ್ರಾಗ ಏನೇನಿತ್ತು, ಮೊದ್ಲಿಂದ ಹೇಳು. ಒಂದೂ ಬಿಡಬ್ಯಾಡ’ ಎಂದಳು. ನಾನು ಫೋನಿನಲ್ಲಿ ಹೇಳಿದ್ದನ್ನೇ ಹೊನ್ನೂರಮ್ಮ ಅವರು ಕಳೆದ ಮಾಲಿನ ಗುರುತು ಎಂದು ಬರೆದುಕೊಂಡಿದ್ದಾರೆ. ಅದು ಈ ಕೆಳಗಿನಂತಿದೆ.

ಶುರುವಿನಿಂದ ಒಂದು ನಿಮಿಷ ಹತ್ತು ಸೆಕೆಂಡು ನನ್ನ ಚಪ್ಪಲಿ ಮತ್ತು ನೆಲ ಕಾಣುತ್ತವೆ. ಕ್ಯಾಮೆರಾ ಆನ್ ಆಗಿರುವುದು ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಎಂಟು ನಿಮಿಷದವರೆಗೆ ಬೇವಿನ ಮರ, ಜೋಕಾಲಿಯ ಹಗ್ಗ, ಓಣಿಯ ಹುಡುಗಿಯರು. ಒಂಬತ್ತನೇ ನಿಮಿಷಕ್ಕೆ ಬೊಮ್ಮಮ್ಮ ಅಡುಗೆ ಮನೆಯಿಂದ ಬರುತ್ತಾಳೆ. ಬದನೆಕಾಯಿ ಬಣ್ಣದ ಸೀರೆ. ಎರಡೂ ಕೈಗೆ ಹಿಟ್ಟು. ‘ಏ ಅಣ್ಣ, ಹಿಟ್ಟಿನ ಕೈಯಾಗ ಹಿಡೀಬ್ಯಾಡೋ, ತಡಿ’ ಎಂದು ಒಳಗೆ ಓಡುತ್ತಾಳೆ. ದನಿ ಸ್ವಲ್ಪ ಒಡಕು, ನೆಗಡಿ ಆದವರ ಹಾಗೆ. ಯಾವಾಗಲೂ ಹಾಗೆಯೇ ಇತ್ತು. ಹನ್ನೊಂದನೇ ನಿಮಿಷಕ್ಕೆ ಮುಖ ತೊಳೆದು ಬೇರೆ ಬೊಟ್ಟು ಇಟ್ಟುಕೊಂಡು ಬಂದು, ಈಗ ಹಿಡಿ ಎಂದು ನಿಲ್ಲುತ್ತಾಳೆ. ಫೋಟೋ ಎಂದು ತಿಳಿದು ಅಲುಗಾಡದೆ ನಿಂತಿರುತ್ತಾಳೆ. ಆ ಹೊತ್ತಿನಲ್ಲಿ ಅವಳ ಕಣ್ಣು ಮಾತ್ರ ಮಿಟುಕುತ್ತವೆ.

ಇಪ್ಪತ್ತೆರಡನೇ ನಿಮಿಷಕ್ಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೋಕಾಲಿ ಏರುತ್ತಾಳೆ. ಮಗು ಹೆದರಿ ಅಳುತ್ತದೆ. ಬೊಮ್ಮಮ್ಮ ಅದರ ಕಿವಿಯಲ್ಲಿ ಏನೋ ಹೇಳುತ್ತಾಳೆ. ತುಟಿ ಆಡುವುದು ಕಾಣುತ್ತದೆ, ದನಿ ಬಂದಿಲ್ಲ. ಮಗು ಅಳು ನಿಲ್ಲಿಸಿ ನಗುತ್ತದೆ. ಅಲ್ಲಿ ನಾನು ಎಷ್ಟೋ ಸಲ ವಾಲ್ಯೂಮ್ ಪೂರ್ತಿ ಏರಿಸಿ ಕೇಳಿದ್ದೇನೆ, ತಿಳಿದಿಲ್ಲ. ಕುಬುಸದ ದಿನ ಟಿವಿಯಲ್ಲಿ ಆ ಜಾಗ ಬಂದಾಗ ಶಾಂತಕುಮಾರಿಯನ್ನೇ ಕೇಳಬೇಕು ಎಂದಿದ್ದೆ. ಅವಳಿಗೆ ಹೇಳಿದ್ದು ತಾನೇ. ಇಂದು ಫೋನಿನಲ್ಲಿ ಕೇಳಿದೆ. ‘ನೆನಪಿಲ್ಲ ಮಾವ’ ಎಂದಳು. ನೋಡಿದ್ದರೆ ನೆನಪಾಗುತ್ತಿತ್ತೋ ಏನೋ ಎಂದಳು. ಆಮೇಲೆ ಮುಂದಕ್ಕೆ ಹೇಳು ಎಂದಳು.

ನಲವತ್ತೊಂದನೇ ನಿಮಿಷಕ್ಕೆ ಬೊಮ್ಮಮ್ಮ ಕ್ಯಾಮೆರಾದ ಹತ್ತಿರ ಬಂದು, ‘ಅಣ್ಣ, ಅದನ್ನ ಇಟ್ಟು ಉಣ್ಣಾಕ ಬಾ, ಆರ್ತೈತಿ’ ಎನ್ನುತ್ತಾಳೆ. ಒಂದು ನಿಮಿಷ ಎನ್ನುತ್ತೇನೆ. ‘ನಿನ್ನ ಒಂದ್ ನಿಮಿಷ ನಂಗೊತ್ತೈತಿ’ ಎಂದು ಕ್ಯಾಮೆರಾ ಕಸಿದು ಗೋಡೆಯ ಗೂಡು ಅಂದರೆ ಮಾಡದಲ್ಲಿ ಇಡುತ್ತಾಳೆ. ಅದು ಬಂದ್ ಆಗಿರಲಿಲ್ಲ. ಅಲ್ಲಿಂದ ಟೇಪು ಮುಗಿಯುವ ತನಕ ಹತ್ತೊಂಬತ್ತು ನಿಮಿಷ ಎದುರಿನ ಗೋಡೆ, ಕ್ಯಾಲೆಂಡರು, ಒಂದು ಮೊಳೆ ಕಾಣುತ್ತವೆ. ಯಾರೂ ಕಾಣುವುದಿಲ್ಲ. ನಾವು ಮೂವರು ಉಣ್ಣುವ ಸಪ್ಪಳ ಇದೆ. ತಟ್ಟೆಯ ಸಪ್ಪಳ, ಮಗು ಬೇಡ ಎನ್ನುವುದು, ನೀರು ಬಗ್ಗಿಸುವುದು. ಬೊಮ್ಮಮ್ಮ ನಾಲ್ಕು ಸಲ ನನಗೆ ಇನ್ನೊಂದು ಉಂಡಿ ಹಾಕಲೇ ಎಂದು ಕೇಳುತ್ತಾಳೆ. ಮೂರು ಸಲ ಸಾಕು ಎನ್ನುತ್ತೇನೆ. ನಾಲ್ಕನೇ ಸಲ ಹ್ಞೂಂ ಎನ್ನುತ್ತೇನೆ. ಹದಿನಾರು ವರ್ಷದಿಂದ ಮಧ್ಯಾಹ್ನ ಒಂದು ಗಂಟೆಗೆ ತಟ್ಟೆ ಹಾಕಿಕೊಂಡು ಈ ಹತ್ತೊಂಬತ್ತು ನಿಮಿಷ ಹಚ್ಚುತ್ತಿದ್ದೆ. ಮನೆಯಲ್ಲಿ ಸಪ್ಪಳ ಇರಲಿ ಎಂದು.

ಇಷ್ಟನ್ನು ಹೇಳಿ ಮುಗಿಸಿ ಫೋನನ್ನು ಕಿವಿಯಿಂದ ತೆಗೆದಾಗ ಚಾರ್ಜ್ ಮುಗಿದು ಅದು ಬಂದ್ ಆಗಿತ್ತು. ಯಾವಾಗ ಆಯಿತೋ ಗೊತ್ತಿಲ್ಲ. ಹೊನ್ನೂರಮ್ಮ ಅವರನ್ನು ಕೇಳಿದೆ. ಮಾಡದಲ್ಲಿ ಇಡುತ್ತಾಳೆ ಎಂದು ಹೇಳುವಾಗಲೇ ಫೋನಿನ ದೀಪ ಆರಿದ್ದನ್ನು ನೋಡಿದೆ, ನೀವು ಹೇಳುತ್ತಿದ್ದಿರಿ, ನಾನು ಬರೆಯುತ್ತಿದ್ದೆ ಎಂದರು. ಆದ್ದರಿಂದ ಕೊನೆಯ ಹತ್ತೊಂಬತ್ತು ನಿಮಿಷದ್ದು ಶಾಂತಕುಮಾರಿಗೆ ಮುಟ್ಟಿಲ್ಲ. ಈ ಕಾಗದದಲ್ಲಿ ಮಾತ್ರ ಇದೆ.

ಗವಿಸಿದ್ದೇಶನ ಮೇಲೆ ಕೊಟ್ಟ ಅರ್ಜಿಯನ್ನು ವಾಪಸು ಪಡೆಯುತ್ತೇನೆ. ಮಂಜಣ್ಣನ ಮೇಲೂ ನನ್ನ ದೂರಿಲ್ಲ. ಹಾರ್ಡ್ ಡಿಸ್ಕಿನ ಚೀಲ ಒಯ್ದ ಬಿಳಿ ಗಾಡಿಯವನನ್ನು ಹುಡುಕಿ, ಒಡೆಯುವ ಮೊದಲು ನಿಲ್ಲಿಸಬೇಕು ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕೊನೆಗೆ, ನಷ್ಟದ ಮೊತ್ತ ಬರೆಯುವ ಜಾಗಕ್ಕೆ ಬಂದಾಗ ಹೊನ್ನೂರಮ್ಮ ಅವರು ಪೆನ್ನು ಹಿಡಿದು ಕಾದರು. ಅರ್ಜಿಯಲ್ಲಿ ನಾನು ಐದು ಲಕ್ಷ ರೂಪಾಯಿ ಎಂದು ಬರೆದಿದ್ದೆ. ಸಣ್ಣ ಮೊತ್ತವಾದರೆ ಯಾರೂ ಎದ್ದು ಹೋಗಿ ಹುಡುಕುವುದಿಲ್ಲ ಎಂದು ಹಾಗೆ ಬರೆದೆ. ಅದು ಸುಳ್ಳು. ಪೆಟ್ಟಿಗೆಗೆ ದುಡ್ಡು ಬಂದಿದೆ, ಸೀರೆ ಶಾಂತಕುಮಾರಿಯ ಹತ್ತಿರ ಇದೆ. ನನ್ನ ಕೈಯಿಂದ ಹೋದದ್ದು ಮೂರು ಖಾಲಿ ಡಿಸ್ಕಿನ ಬೆಲೆ, ಒಂದಕ್ಕೆ ಇಪ್ಪತ್ತರಂತೆ ಒಟ್ಟು ಅರವತ್ತು ರೂಪಾಯಿ. ಅಷ್ಟೇ ಬರೆದುಕೊಳ್ಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಕೊಟ್ಟೂರು
ದಿನಾಂಕ: 21-11-2025, ಮಧ್ಯಾಹ್ನ 2-10

(ಸಹಿ) ಉಚ್ಚಂಗೆಪ್ಪ